ಜಪಾನ್ ಪ್ರವಾಸದ ಕೊನೆ ದಿನ, ಟೋಕಿಯೋದಿಂದ ಮನೆ ಬಾಗಿಲವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿಗೆ ಹೋಗೋದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ವೀಸಾ, ಸಕುರಾ, ಬುಲೆಟ್ ಟ್ರೇನು, ಎಲ್ಲದಕ್ಕೂ ವಿಡಿಯೋ ಇದೆ. ವಾಪಸ್ ಬರುವ ದಿನದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಪರಿಚಯದವರು ಹೊರಡುವ ಹಿಂದಿನ ರಾತ್ರಿ ಟೋಕಿಯೋ ಹೋಟೆಲಿನಿಂದ ಮೆಸೇಜ್ ಹಾಕಿ ಕೇಳುವುದು ಇದನ್ನೇ: ಚಾಕು ಎಲ್ಲಿಡಲಿ, ಚಿಲ್ಲರೆ ಏನು ಮಾಡಲಿ, ಎಷ್ಟೊತ್ತಿಗೆ ಹೊರಡಲಿ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೊನೆ ದಿನವನ್ನು ಟೂರಿನ ಲೆಕ್ಕಕ್ಕೆ ಸೇರಿಸಬೇಡಿ, ಅದು ಪ್ರಯಾಣದ ದಿನ. ದರ ಮತ್ತು ಸಮಯ ಬದಲಾಗುತ್ತಿರುತ್ತವೆ, ಹೊರಡುವ ವಾರ ಒಮ್ಮೆ ಕಣ್ಣಾಡಿಸಿ.

ಕೊನೆ ರಾತ್ರಿ ಯಾವ ಏರಿಯಾದಲ್ಲಿ ಉಳಿಯಬೇಕು?

ನರಿತಾದಿಂದ ವಿಮಾನ ಇದ್ದರೆ ಉಯೆನೋ, ನಿಪ್ಪೊರಿ ಅಥವಾ ಅಸಾಕುಸಾ ಕಡೆ ಉಳಿಯಿರಿ. ಶಿಂಜುಕು, ಶಿಬುಯಾ ಎಲ್ಲ ಚೆನ್ನಾಗಿವೆ, ಆದರೆ ಅವು ಊರಿನ ಪಶ್ಚಿಮಕ್ಕಿವೆ, ನರಿತಾ ಪೂರ್ವಕ್ಕಿದೆ. ಎರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಶಿಂಜುಕು ಸ್ಟೇಷನ್‌ನಲ್ಲಿ ಸರಿಯಾದ ಗೇಟ್ ಹುಡುಕುವ ಕಷ್ಟ ಯಾರಿಗೂ ಬೇಡ. ಪ್ರಪಂಚದಲ್ಲೇ ಅತಿ ಹೆಚ್ಚು ಜನ ಓಡಾಡುವ ಸ್ಟೇಷನ್ ಅದು. ವಾರದ ದಿನ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಅಲ್ಲಿನ ಟ್ರೇನುಗಳಲ್ಲಿ ನಿಮಗೇ ಜಾಗ ಇರುವುದಿಲ್ಲ, ಇನ್ನು ಸೂಟ್‌ಕೇಸಿಗೆ ಎಲ್ಲಿಂದ ಬರಬೇಕು?

ಕ್ಯೋಟೋ, ಒಸಾಕಾ ಮುಗಿಸಿಕೊಂಡು ಬರುವವರು ಹಿಂದಿನ ದಿನ ಸಂಜೆಯೇ ಟೋಕಿಯೋ ಸೇರಿಕೊಳ್ಳಿ. ಕ್ಯೋಟೋದಿಂದ ನೊಝೋಮಿ ಬುಲೆಟ್ ಟ್ರೇನು ಎರಡೂಕಾಲು ಗಂಟೆಯಲ್ಲಿ ತಂದುಬಿಡುತ್ತದೆ, ನಿಜ. "ಹಾಗಾದರೆ ಅದೇ ದಿನ ಬಂದು ಫ್ಲೈಟ್ ಹಿಡಿಯಬಹುದಲ್ಲ" ಅನ್ನುವ ಆಸೆ ಅಲ್ಲಿಂದಲೇ ಹುಟ್ಟುತ್ತದೆ. ಜಪಾನಿನ ಟ್ರೇನು ಸಾಮಾನ್ಯವಾಗಿ ತಡ ಆಗುವುದಿಲ್ಲ, ಆದರೆ ಭೂಕಂಪ ಆದರೆ ತಾನಾಗಿ ನಿಂತುಬಿಡುತ್ತದೆ, ಚಂಡಮಾರುತ ಬರುತ್ತಿದೆ ಅಂದರೆ ಹಿಂದಿನ ದಿನವೇ ರದ್ದು ಅಂತ ಪ್ರಕಟಿಸುತ್ತಾರೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋಗುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಇನ್ನೊಂದು ದಾರಿ, ಒಸಾಕಾದಲ್ಲೇ ಪ್ರವಾಸ ಮುಗಿಸಿ ಕನ್ಸಾಯಿ ವಿಮಾನ ನಿಲ್ದಾಣದಿಂದ ಹೊರಡುವುದು. ಸಮುದ್ರದಲ್ಲಿ ದ್ವೀಪ ಕಟ್ಟಿ 1994ರಲ್ಲಿ ಶುರು ಮಾಡಿದ ನಿಲ್ದಾಣ ಅದು. ನೆಲಕ್ಕೆ ಅಂಟಿಸಿರುವುದು ಒಂದೇ ಸೇತುವೆ. 2018ರ ಸೆಪ್ಟೆಂಬರ್‌ನಲ್ಲಿ ಜೇಬಿ ಚಂಡಮಾರುತ ಬಂದಾಗ ಒಂದು ಟ್ಯಾಂಕರ್ ಹಡಗು ಹೋಗಿ ಆ ಸೇತುವೆಗೇ ಗುದ್ದಿತು, ರನ್‌ವೇ ಮೇಲೆ ನೀರು ನಿಂತಿತು, ಸಾವಿರಾರು ಜನ ಆ ರಾತ್ರಿ ನಿಲ್ದಾಣದಲ್ಲೇ ಉಳಿದರು. ಹೆದರಿಸಲು ಹೇಳುತ್ತಿಲ್ಲ. ಕೊನೆ ದಿನ ಕೈಯಲ್ಲಿ ಸ್ವಲ್ಪ ಟೈಮ್ ಇಟ್ಟುಕೊಳ್ಳಿ ಅಂತ ಅಷ್ಟೇ.

ಫ್ಲೈಟ್ ಸಂಜೆ. ಬೆಳಿಗ್ಗೆ ಬೇಗ ಎದ್ದು ಫುಜಿ ನೋಡಿ ಬಂದುಬಿಡಬಹುದಾ?

ಬೇಡ.

ಯಾಕೆ ಅಂದರೆ, ಶಿಂಜುಕುದಿಂದ ಫುಜಿ ಬುಡದ ಕವಗುಚಿಕೊ ಸರೋವರಕ್ಕೆ ಬಸ್ಸಿನಲ್ಲಿ ಹೆಚ್ಚೂಕಡಿಮೆ ಎರಡು ಗಂಟೆ. ಹೋಗುವುದು ಸುಲಭ. ವಾಪಸ್ ಬರುವಾಗ ಹೆದ್ದಾರಿಯಲ್ಲಿ ಟ್ರಾಫಿಕ್, ಅದರಲ್ಲೂ ಶನಿವಾರ ಭಾನುವಾರ ಮತ್ತು ಎಲೆ ಕೆಂಪಾಗುವ ಸೀಸನ್‌ನಲ್ಲಿ. ಅಷ್ಟು ಮಾಡಿದರೂ ಫುಜಿ ಮೋಡದ ಹಿಂದೆ ಅಡಗಿ ಕುಳಿತಿರಬಹುದು. ಬೇಸಿಗೆಯಲ್ಲಂತೂ ಅದು ದಿನಗಟ್ಟಲೆ ಮುಖ ತೋರಿಸುವುದಿಲ್ಲ. ನೋಡಲೇಬೇಕು ಅಂದರೆ ಪ್ರವಾಸದ ಮಧ್ಯದಲ್ಲಿ ಎರಡು ದಿನ ಅಲ್ಲೇ ಇರಿ.

ಹಾಗಾದರೆ ಆ ಅರ್ಧ ದಿನ ಸುಮ್ನೆ ಕೂರಬೇಕಾ?

ಯಾನಕಾಗೆ ಹೋಗಿ. ಇದು ನಿಪ್ಪೊರಿ ಸ್ಟೇಷನ್‌ನ ಪಕ್ಕದಲ್ಲೇ ಇರುವ ಹಳೆ ಬಡಾವಣೆ. 1923ರ ದೊಡ್ಡ ಭೂಕಂಪದಲ್ಲೂ, ಯುದ್ಧದ ಬಾಂಬ್ ದಾಳಿಯಲ್ಲೂ ಟೋಕಿಯೋದ ಬಹುಪಾಲು ಸುಟ್ಟು ಹೋಯಿತು, ಈ ಭಾಗ ಮಾತ್ರ ಹೆಚ್ಚುಕಡಿಮೆ ಉಳಿದುಕೊಂಡಿತು. ಹಾಗಾಗಿ ಇಲ್ಲಿ ಕಿರಿದಾದ ಓಣಿಗಳು, ಮರದ ಮನೆಗಳು, ತಿರುಗಿದಲ್ಲೆಲ್ಲ ಒಂದೊಂದು ಬೌದ್ಧ ದೇವಸ್ಥಾನ. ಮನೆ ಮುಂದೆ ಜಾಗ ಇಲ್ಲ, ಆದರೂ ಗೋಡೆಗೆ ಆತುಕೊಂಡು ಹತ್ತಾರು ಹೂಕುಂಡ ಸಾಲಾಗಿ ಇಟ್ಟಿರುತ್ತಾರೆ. ಕುಂಡಗಳ ನಡುವೆ ನೀರು ತುಂಬಿದ ಬಾಟಲಿ, ಬೆಕ್ಕು ಬರದಿರಲಿ ಅಂತ. ಬೆಕ್ಕು ಆ ಬಾಟಲಿ ಪಕ್ಕದಲ್ಲೇ ಮಲಗಿರುತ್ತದೆ.

ಸ್ಟೇಷನ್‌ನ ಪಶ್ಚಿಮ ಬಾಗಿಲಿನಿಂದ ಹೊರಬಂದರೆ ಯಾನಕಾ ಸ್ಮಶಾನ. ಸ್ಮಶಾನ ಅಂತ ಮೂಗು ಮುರಿಯಬೇಡಿ, ಅಲ್ಲಿನವರು ಅದರೊಳಗೆ ವಾಕಿಂಗ್ ಮಾಡುತ್ತಾರೆ, ಏಪ್ರಿಲ್ ಮೊದಲ ವಾರದ ಸುಮಾರಿಗೆ ನಡುದಾರಿಯ ತುಂಬಾ ಚೆರ್ರಿ ಹೂವು. ಜಪಾನ್ ಆಳಿದ ಸೇನಾನಾಯಕರಲ್ಲಿ (ಶೋಗನ್) ಕೊನೆಯವನಾದ ತೊಕುಗಾವಾ ಯೊಶಿನೊಬು ಸಮಾಧಿ ಇರುವುದು ಇಲ್ಲೇ. ಅಲ್ಲಿಂದ ಮೆಟ್ಟಿಲು ಇಳಿದರೆ ಯಾನಕಾ ಗಿಂಝಾ ಅನ್ನುವ ಪುಟ್ಟ ಅಂಗಡಿ ಬೀದಿ. ಚಹಾ, ಅಕ್ಕಿ ಕ್ರ್ಯಾಕರ್, ಚಾಪ್‌ಸ್ಟಿಕ್, ಬೆಕ್ಕಿನ ಬಾಲದ ಆಕಾರದ ಡೋನಟ್. ಅಂಗಡಿಗಳು ಹತ್ತು ಹನ್ನೊಂದರ ಮೇಲೇ ತೆಗೆಯುವುದು, ಆದ್ದರಿಂದ ಮೊದಲು ಸ್ಮಶಾನ ಮತ್ತು ಓಣಿ, ಆಮೇಲೆ ಶಾಪಿಂಗ್. ಕಾಲಲ್ಲಿ ಇನ್ನೂ ಶಕ್ತಿ ಇದ್ದರೆ ನೆಝು ದೇವಾಲಯದವರೆಗೆ ನಡೆಯಿರಿ. 1706ರ ಕಟ್ಟಡ, ಪಕ್ಕದಲ್ಲಿ ಸಾಲು ಕೆಂಪು ತೋರಿಗಳು, ಅಂದರೆ ದೇವಾಲಯದ ಕಮಾನುಗಳು. ಇಂಥದ್ದೇ ತೋರಿಗಳಿಗೆ ಹೆಸರಾದ ಕ್ಯೋಟೋದ ಫುಶಿಮಿ ಇನಾರಿ ದೇವಾಲಯದ ಹತ್ತರಲ್ಲಿ ಒಂದು ಭಾಗದಷ್ಟೂ ಜನ ಇಲ್ಲಿ ಇರುವುದಿಲ್ಲ.

ಇದರಲ್ಲಿ ನನಗೆ ಇಷ್ಟ ಆಗುವುದು ಏನೆಂದರೆ, ಎಷ್ಟೇ ಸುತ್ತಿದರೂ ನೀವು ನಿಪ್ಪೊರಿಯಿಂದ ಇಪ್ಪತ್ತು ಇಪ್ಪತ್ತೈದು ನಿಮಿಷದ ನಡಿಗೆಯಲ್ಲೇ ಇರುತ್ತೀರಿ. ಏರ್‌ಪೋರ್ಟ್ ಟ್ರೇನು ಅಲ್ಲೇ ನಿಲ್ಲುತ್ತದೆ. ಗಡಿಯಾರ ನೋಡಿಕೊಂಡು ಗಾಬರಿಯಾಗುವ ಪ್ರಮೇಯವೇ ಇಲ್ಲ.

ಮ್ಯೂಸಿಯಂ ಬೇಕು ಅನ್ನುವವರಿಗೆ ಉಯೆನೋ ಪಾರ್ಕಿನಲ್ಲಿ ಟೋಕಿಯೋ ನ್ಯಾಷನಲ್ ಮ್ಯೂಸಿಯಂ ಇದೆ. ಸೋಮವಾರ ಸಾಮಾನ್ಯವಾಗಿ ರಜೆ.

ರೂಮ್ ಖಾಲಿ ಮಾಡಿದ ಮೇಲೆ ಸೂಟ್‌ಕೇಸ್ ಎಲ್ಲಿಡೋದು?

ಹೋಟೆಲಿನಲ್ಲೇ. ಚೆಕ್‌ಔಟ್ ಹತ್ತು ಅಥವಾ ಹನ್ನೊಂದಕ್ಕೆ, ಆದರೆ ಸಂಜೆವರೆಗೆ ಲಗೇಜ್ ಇಟ್ಟುಕೊಳ್ಳಿ ಅಂದರೆ ಹೆಚ್ಚಿನವರು ದುಡ್ಡು ಕೇಳದೆ ಇಟ್ಟುಕೊಳ್ಳುತ್ತಾರೆ. ಹ್ಯಾಂಡಲಿಗೆ ಒಂದು ಚೀಟಿ ಕಟ್ಟಿ ಇನ್ನೊಂದು ನಿಮ್ಮ ಕೈಗೆ ಕೊಡುತ್ತಾರೆ. ಸ್ಟೇಷನ್‌ಗಳಲ್ಲಿ ನಾಣ್ಯದ ಲಾಕರ್ ಇದ್ದೇ ಇವೆ, ಆದರೆ ದೊಡ್ಡ ಸೂಟ್‌ಕೇಸ್ ಹಿಡಿಯುವ ಲಾಕರ್‌ಗಳು ಕಡಿಮೆ. ಬೆಳಿಗ್ಗೆ ಒಂಬತ್ತಕ್ಕೆಲ್ಲ ತುಂಬಿಹೋಗಿರುತ್ತವೆ.

ತಕ್ಯೂಬಿನ್ ಅನ್ನುವ ವ್ಯವಸ್ಥೆ ಇದೆ, ವಯಸ್ಸಾದವರ ಜೊತೆ ಹೋದವರಿಗೆ ವರದಾನ. ಹೋಟೆಲ್ ಕೌಂಟರ್‌ನಲ್ಲೇ ಸೂಟ್‌ಕೇಸ್ ಕೊಟ್ಟು ಫಾರ್ಮ್ ತುಂಬಿದರೆ ನೇರ ವಿಮಾನ ನಿಲ್ದಾಣದ ಹೊರಡುವ ಹಾಲ್‌ನ ಕೌಂಟರ್‌ಗೆ ತಲುಪಿಸುತ್ತಾರೆ. ಕಪ್ಪು ಬೆಕ್ಕಿನ ಗುರುತಿನ ಯಮಾತೋ ಕಂಪನಿಯದ್ದು ಎಲ್ಲ ಕಡೆ ಕಾಣುತ್ತದೆ. ಒಂದೇ ಷರತ್ತು, ಫ್ಲೈಟಿಗೆ ಎರಡು ದಿನ ಮೊದಲೇ ಕೊಡಬೇಕು. ಆ ಎರಡು ದಿನಕ್ಕೆ ಬೇಕಾದ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿ ಇರಲಿ. ಮಾತ್ರೆ ಸೂಟ್‌ಕೇಸಿನಲ್ಲಿ ಹೋಯಿತು ಅಂತ ಫೋನ್ ಮಾಡಿದವರೂ ಇದ್ದಾರೆ.

ಹೊಸ ಸೂಟ್‌ಕೇಸ್ ಕೊಂಡು ಹಳೆಯದನ್ನು ರೂಮಿನಲ್ಲೇ ಬಿಟ್ಟುಬರುವ ಅಭ್ಯಾಸ ಪ್ರವಾಸಿಗಳಲ್ಲಿ ಜಾಸ್ತಿಯಾಗಿದೆ. ಅಲ್ಲಿ ದೊಡ್ಡ ವಸ್ತು ಎಸೆಯಲು ಹೋಟೆಲಿನವರೇ ದುಡ್ಡು ಕಟ್ಟಬೇಕು. ದಯವಿಟ್ಟು ಕೇಳಿ, ಹೇಳಿ, ಬೇಕಾದರೆ ಶುಲ್ಕ ಕೊಟ್ಟು ಬನ್ನಿ.

ನರಿತಾ, ಹನೇಡಾ ಬೇರೆ ಬೇರೆನಾ?

ಬೇರೆ ಬೇರೆ, ಮತ್ತು ತುಂಬಾ ದೂರ ದೂರ. ನರಿತಾ ಚಿಬಾ ಪ್ರಾಂತ್ಯದಲ್ಲಿದೆ, ಟೋಕಿಯೋ ನಡುಭಾಗದಿಂದ ಸುಮಾರು 60 ಕಿ.ಮೀ. ಹನೇಡಾ ಊರೊಳಗೇ ಕೊಲ್ಲಿಯ ದಡದಲ್ಲಿದೆ. ಟಿಕೆಟ್ ಮೇಲೆ ಎನ್‌ಆರ್‌ಟಿ ಇದ್ದರೆ ನರಿತಾ, ಎಚ್‌ಎನ್‌ಡಿ ಇದ್ದರೆ ಹನೇಡಾ. ಬಂದಿಳಿದದ್ದು ಹನೇಡಾದಲ್ಲಿ ಅಂತ ವಾಪಸ್ ಹೋಗುವಾಗಲೂ ಅದೇ ಅಂದುಕೊಳ್ಳಬೇಡಿ. ಟಿಕೆಟನ್ನು ಹಿಂದಿನ ರಾತ್ರಿ ಇನ್ನೊಮ್ಮೆ ಓದಿ.

ನರಿತಾಗೆ ಹೋಗಲು ಯಾವುದು ಒಳ್ಳೆಯದು?

ಉಯೆನೋ ಅಥವಾ ನಿಪ್ಪೊರಿಯಿಂದ ಕೇಸೆಯ್ ಸ್ಕೈಲೈನರ್. ಎಲ್ಲ ಸೀಟೂ ರಿಸರ್ವ್ಡ್, ಗಂಟೆಗೆ 160 ಕಿ.ಮೀ. ವೇಗ, ನಿಪ್ಪೊರಿಯಿಂದ ಹೆಚ್ಚೂಕಡಿಮೆ 40 ನಿಮಿಷ, ದರ 2600 ಯೆನ್ ಆಸುಪಾಸು. ಟೋಕಿಯೋ ಸ್ಟೇಷನ್, ಶಿಬುಯಾ, ಶಿಂಜುಕು ಕಡೆಯವರಿಗೆ ನರಿತಾ ಎಕ್ಸ್‌ಪ್ರೆಸ್, ಅದು 3000 ಯೆನ್ ಮೇಲೆ. ದುಡ್ಡು ಉಳಿಸಬೇಕು ಅಂದರೆ ಟೋಕಿಯೋ ಸ್ಟೇಷನ್ ಹತ್ತಿರದಿಂದ ಅಗ್ಗದ ಬಸ್ಸಿದೆ, ಸುಮಾರು 1500 ಯೆನ್, ಆದರೆ ರಸ್ತೆಯ ಭರವಸೆ ಯಾರು ಕೊಡುತ್ತಾರೆ? ಟ್ಯಾಕ್ಸಿ ಮಾತ್ರ ಬೇಡವೇ ಬೇಡ. ಇಪ್ಪತ್ತು ಸಾವಿರ ಯೆನ್ ದಾಟುತ್ತದೆ.

ಟ್ರೇನು ನಿಲ್ದಾಣದಲ್ಲಿ ಎರಡು ಕಡೆ ನಿಲ್ಲುತ್ತದೆ. ಮೊದಲು ಬರುವುದು ಟರ್ಮಿನಲ್ 2 ಮತ್ತು 3ಕ್ಕೆ, ಕೊನೆಯದು ಟರ್ಮಿನಲ್ 1ಕ್ಕೆ. ಜಪಾನ್ ಏರ್‌ಲೈನ್ಸ್‌ನವರು 2ರಲ್ಲಿ, ಜಪಾನಿನ ಇನ್ನೊಂದು ದೊಡ್ಡ ಏರ್‌ಲೈನ್ ಎಎನ್‌ಎ 1ರಲ್ಲಿ. ತಪ್ಪಿ ಇಳಿದರೂ ಉಚಿತ ಬಸ್ಸಿದೆ.

ಎಷ್ಟು ಗಂಟೆ ಮೊದಲು ಹೋಗಬೇಕು?

ಮೂರು ಗಂಟೆ. ಎರಡು ಸಾಕು ಅನ್ನುವವರಿದ್ದಾರೆ, ನಮ್ಮ ಜನರ ಲಗೇಜ್ ನೋಡಿದರೆ ಸಾಕಾಗುವುದಿಲ್ಲ. ಭಾರತದ ಫ್ಲೈಟಿನ ಚೆಕ್‌ಇನ್ ಸಾಲಿನಲ್ಲಿ ಒಂದಿಬ್ಬರಾದರೂ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಒಂದರಿಂದ ಇನ್ನೊಂದಕ್ಕೆ ಚಾಕಲೇಟ್ ಡಬ್ಬಿ ಸಾಗಿಸುತ್ತಿರುತ್ತಾರೆ, ಪಕ್ಕದಲ್ಲಿ ನಿಂತ ಗಂಡ ಇನ್ನೂ ಒಂದೂವರೆ ಕಿಲೋ, ಇನ್ನೂ ಒಂದೂವರೆ ಕಿಲೋ ಅಂತ ಲೆಕ್ಕ ಒಪ್ಪಿಸುತ್ತಿರುತ್ತಾನೆ. ಸ್ಪ್ರಿಂಗ್ ತಕ್ಕಡಿ ಒಂದು ಮನೆಯಿಂದಲೇ ಒಯ್ಯಿರಿ, ಹಿಂದಿನ ರಾತ್ರಿಯೇ ತೂಗಿ ಮುಗಿಸಿ. ಕೆಲವು ಏರ್‌ಲೈನ್‌ಗಳು ಎಕಾನಮಿಯಲ್ಲೂ ತಲಾ 23 ಕಿಲೋದ ಎರಡು ಬ್ಯಾಗ್ ಕೊಡುತ್ತವೆ, ಅಗ್ಗದ ಏರ್‌ಲೈನ್‌ಗಳಲ್ಲಿ ಒಂದೊಂದು ಕಿಲೋಗೂ ಲೆಕ್ಕ.

ಟ್ಯಾಕ್ಸ್ ಫ್ರೀ ಸಾಮಾನಿನ ವಿಷಯ ಏನು?

ಜಪಾನಿನ ಬಳಕೆ ತೆರಿಗೆ 10%, ತಿನ್ನುವ ಪದಾರ್ಥಕ್ಕೆ 8%. ಹಳೆ ಪದ್ಧತಿಯಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಅಂಗಡಿಯಲ್ಲೇ ಆ ತೆರಿಗೆ ಕಳೆದು ಬಿಲ್ ಮಾಡುತ್ತಾರೆ. 2026ರ ನವೆಂಬರ್ 1ರಿಂದ ಹೊಸ ಪದ್ಧತಿ. ಅಂಗಡಿಯಲ್ಲಿ ಪೂರ್ತಿ ದುಡ್ಡು ಕೊಡಬೇಕು, ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಸಾಮಾನು ಖಚಿತಪಡಿಸಿಕೊಂಡ ಮೇಲೆ ತೆರಿಗೆ ವಾಪಸ್ ಸಿಗುತ್ತದೆ. ಅಂದರೆ ಕೊನೆ ದಿನಕ್ಕೆ ಇನ್ನೊಂದು ಕೆಲಸ ಸೇರಿತು. ತೋರಿಸಿ ಅಂದರೆ ತೋರಿಸಬೇಕಲ್ಲ, ಆದ್ದರಿಂದ ಬ್ಯಾಗ್ ಚೆಕ್‌ಇನ್‌ಗೆ ಕೊಡುವ ಮೊದಲೇ ಅದನ್ನು ಮುಗಿಸಿ. ಆ ತಾರೀಖಿನ ನಂತರ ಹೋಗುವವರು ಮೂರು ಗಂಟೆಯ ಮೇಲೆ ಇನ್ನರ್ಧ ಗಂಟೆ ಹಾಕಿಕೊಳ್ಳಿ.

ಅಡುಗೆ ಚಾಕು, ರೈಸ್ ಕುಕ್ಕರ್, ಪವರ್ ಬ್ಯಾಂಕ್: ತರಬಹುದಾ?

ಚಾಕು ತರಬಹುದು, ಚೆಕ್‌ಇನ್ ಬ್ಯಾಗಿನಲ್ಲಿ ಮಾತ್ರ. ಅಸಾಕುಸಾ ಮತ್ತು ಉಯೆನೋ ನಡುವೆ ಕಪ್ಪಾಬಾಶಿ ಅಂತ ಬೀದಿ ಇದೆ, ಪೂರ್ತಿ ಅಡುಗೆಮನೆ ಸಾಮಾನೇ. ಕೊನೆ ದಿನ ಅಲ್ಲಿ ಚಾಕು ಕೊಂಡು ಸೀದಾ ಕೈಚೀಲಕ್ಕೆ ಹಾಕಿದರೆ ಸೆಕ್ಯುರಿಟಿಯಲ್ಲಿ ಅದು ಅಲ್ಲೇ ಉಳಿಯುತ್ತದೆ.

ರೈಸ್ ಕುಕ್ಕರ್ ಬಗ್ಗೆ ಎಚ್ಚರ. ಜಪಾನಿನ ಕರೆಂಟು 100 ವೋಲ್ಟ್, ನಮ್ಮದು 230. ಅಲ್ಲಿನವರಿಗಾಗಿ ಮಾಡಿದ ಕುಕ್ಕರ್, ಹೇರ್ ಡ್ರೈಯರ್ ಇಲ್ಲಿ ಚುಚ್ಚಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಪ್ಲಗ್ ಅಡಾಪ್ಟರ್ ಹಾಕಿದರೆ ಆಯಿತಲ್ವಾ ಅಂತ ಕೇಳುತ್ತಾರೆ. ಆಗುವುದಿಲ್ಲ, ಅಡಾಪ್ಟರ್ ಪಿನ್ ಬದಲಿಸುತ್ತದೆ, ವೋಲ್ಟೇಜ್ ಅಲ್ಲ. ಎಲೆಕ್ಟ್ರಾನಿಕ್ಸ್ ಬಡಾವಣೆ ಅಕಿಹಾಬಾರಾದ ದೊಡ್ಡ ಅಂಗಡಿಗಳಲ್ಲಿ ವಿದೇಶಕ್ಕೆಂದೇ ಮಾಡಿದ 220-240 ವೋಲ್ಟಿನ ಮಾಡೆಲ್ ಇಟ್ಟಿರುತ್ತಾರೆ. ಡಬ್ಬಿಯ ಮೇಲೆ ಅಂಕಿ ನೋಡಿ ಕೊಳ್ಳಿ. ಮೊಬೈಲ್ ಚಾರ್ಜರ್, ಕ್ಯಾಮೆರಾ ಚಾರ್ಜರ್ ಸಾಮಾನ್ಯವಾಗಿ ಎರಡಕ್ಕೂ ಆಗುತ್ತವೆ.

ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಕೈಚೀಲದಲ್ಲಿ ಮಾತ್ರ. 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆ ಇಲ್ಲ, ಅಂದರೆ ಸುಮಾರು 27,000 ಎಂಎಎಚ್. 2025ರ ಜುಲೈನಿಂದ ಜಪಾನಿನ ವಿಮಾನಗಳಲ್ಲಿ ಅದನ್ನು ತಲೆ ಮೇಲಿನ ಗೂಡಿನಲ್ಲಿ ಇಡಬೇಡಿ, ಕಣ್ಣೆದುರಿಗೆ ಇಟ್ಟುಕೊಳ್ಳಿ ಅನ್ನುತ್ತಾರೆ.

ಮಿಸೋ, ಸಾಸ್, ಉಪ್ಪಿನಕಾಯಿ ಇವೆಲ್ಲ ಸೆಕ್ಯುರಿಟಿಯವರ ಲೆಕ್ಕದಲ್ಲಿ ದ್ರವವೇ. ಚೆಕ್‌ಇನ್ ಬ್ಯಾಗಿಗೆ ಹಾಕಿ.

ನಾವು ಸಸ್ಯಾಹಾರಿಗಳು. ಮನೆಗೆ, ಆಫೀಸಿಗೆ ಹಂಚಲು ಏನು ತರಬೇಕು?

ಎಲ್ಲಕ್ಕಿಂತ ನಿಶ್ಚಿಂತೆಯದು ಯೋಕನ್. ಕೆಂಪು ಬೀನ್ಸ್, ಸಕ್ಕರೆ, ಸಮುದ್ರ ಪಾಚಿಯಿಂದ ಮಾಡಿದ ಕಾಂತೆನ್, ಅಷ್ಟೇ. ಗಟ್ಟಿ ಹಲ್ವದ ಹಾಗಿರುತ್ತದೆ, ಕೆಡುವುದಿಲ್ಲ. ತೂಕ ಮಾತ್ರ ಜಾಸ್ತಿ. ಹಸಿರು ಚಹಾ, ಮಾಚ್ಚಾ ಪುಡಿ ಹಗುರ.

ಹುಷಾರಾಗಿರಬೇಕಾದವು: ಟೋಕಿಯೋ ಬನಾನಾದಲ್ಲಿ ಮೊಟ್ಟೆ ಇದೆ. ಅಕ್ಕಿ ಕ್ರ್ಯಾಕರ್ ನೋಡಲು ನಮ್ಮದೇ ಹಪ್ಪಳದ ನೆಂಟ ಅನ್ನಿಸಿದರೂ ಕೆಲವದರಲ್ಲಿ ಸೀಗಡಿ ಅಥವಾ ಮೀನಿನ ಸಾರ ಇರುತ್ತದೆ. ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಜೆಲಾಟಿನ್. ಅನ್ನದ ಮೇಲೆ ಉದುರಿಸುವ ಫುರಿಕಾಕೆಯಲ್ಲಿ ಹೆಚ್ಚಾಗಿ ಒಣಮೀನು. ಫೋನಿನ ಅನುವಾದ ಆಪ್‌ನಲ್ಲಿ ಪದಾರ್ಥಗಳ ಪಟ್ಟಿ ಹಿಡಿದು ನೋಡಿ, ಅರ್ಧ ನಿಮಿಷದ ಕೆಲಸ. ಅಜ್ಜಿಗೆ ಕೊಟ್ಟ ಮೇಲೆ ಗೊತ್ತಾಗುವುದು ಬೇಡ.

ಹಣ್ಣು, ಬೀಜ, ಗಿಡ ತರಬೇಡಿ. ಅಲ್ಲಿನ ದ್ರಾಕ್ಷಿ, ಕರಬೂಜ ಎಷ್ಟೇ ಚೆಂದ ಇರಲಿ, ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಭಾರತದೊಳಗೆ ಬಿಡುವುದಿಲ್ಲ. ಅಲ್ಲೇ ತಿಂದು ಬನ್ನಿ.

ಕೊನೆ ದಿನದ ಊಟ?

ಉಯೆನೋ ಸ್ಟೇಷನ್ ಒಳಗಡೆ, ಜೆಆರ್ (ಜಪಾನ್ ರೈಲ್ವೆ) ಗೇಟಿನ ಒಳಭಾಗದಲ್ಲೇ, ಟೀಸ್ ತಾನ್‌ತಾನ್ ಅನ್ನುವ ಪೂರ್ತಿ ಸಸ್ಯಾಹಾರದ ರಾಮೆನ್ (ಸಾರಿನ ನೂಡಲ್ಸ್) ಅಂಗಡಿ ಇದೆ. ಎಳ್ಳಿನ ಸಾರು, ಖಾರವಾಗಿ, ಬಿಸಿಬಿಸಿ. ಮೀನಿನ ಸಾರಿನ ಚಿಂತೆಯಿಲ್ಲದೆ ರಾಮೆನ್ ಉಣ್ಣಲು ನಮ್ಮಂಥವರಿಗೆ ಅಪರೂಪದ ಜಾಗ. ಇಡ್ಲಿ ದೋಸೆ ಇಲ್ಲದೆ ತಡೆಯಲಾರೆ ಅನ್ನುವ ಹಂತ ತಲುಪಿದ್ದರೆ ನಿಶಿ ಕಸಾಯಿ. ಎದೋಗಾವಾ ವಾರ್ಡಿನ ಆ ಭಾಗದಲ್ಲಿ ಭಾರತೀಯ ಐಟಿ ಕುಟುಂಬಗಳು ತುಂಬಾ ಇವೆ, ಕನ್ನಡ ಮಾತಾಡುವವರೂ ಕಿವಿಗೆ ಬೀಳುತ್ತಾರೆ. ಆದರೆ ಹಿಂದಿನ ರಾತ್ರಿ ಹೋಗಿ, ಕೊನೆ ದಿನ ಅಲ್ಲ.

ವಿಮಾನದೊಳಗಿನ ಊಟಕ್ಕೆ "ಏಷ್ಯನ್ ವೆಜಿಟೇರಿಯನ್" ಅಂತ ಕನಿಷ್ಠ ಒಂದೂವರೆ ದಿನ ಮೊದಲು ಬುಕಿಂಗ್‌ನಲ್ಲಿ ಸೇರಿಸಿ. ಗೇಟ್ ಹತ್ತಿರ ನಿಂತು ಕೇಳಿದರೆ ಸಿಗುವುದಿಲ್ಲ. "ವೀಗನ್" ಆಯ್ದುಕೊಂಡರೆ ಮೊಸರೂ ಇಲ್ಲ, ಬೇಯಿಸಿದ ತರಕಾರಿ ಮತ್ತು ಹಣ್ಣಿನ ತುಂಡು. ದಾರಿಗೆ ಕನ್ವೀನಿಯನ್ಸ್ ಅಂಗಡಿಯ ಉಮೆ ಹಣ್ಣಿನ ಒನಿಗಿರಿ (ಅನ್ನದ ಉಂಡೆ) ಒಂದೆರಡು ಇರಲಿ, ಅದರ ಪದಾರ್ಥದ ಪಟ್ಟಿಯನ್ನೂ ನೋಡಿಯೇ ತೆಗೆದುಕೊಳ್ಳಿ.

ಜೇಬಿನ ತುಂಬ ಚಿಲ್ಲರೆ ಉಳಿದಿದೆ, ಟ್ರೇನು ಬಸ್ಸಿಗೆ ಬಳಸುವ ಸುಯಿಕಾ ಕಾರ್ಡಿನಲ್ಲೂ ದುಡ್ಡಿದೆ.

ನಾಣ್ಯವನ್ನು ಬೆಂಗಳೂರಿನಲ್ಲಿ ಯಾರೂ ಬದಲಿಸಿಕೊಡುವುದಿಲ್ಲ. 500 ಯೆನ್ ಅಂದರೆ ಒಂದೇ ನಾಣ್ಯ, ಅಂಥವು ನಾಲ್ಕು ಉಳಿದರೆ ಸಾವಿರ ರೂಪಾಯಿ ಆಚೀಚೆ. ಅಲ್ಲೇ ಮುಗಿಸಿ. ಕನ್ವೀನಿಯನ್ಸ್ ಅಂಗಡಿಯಲ್ಲಿ ಬಿಲ್ಲಿನ ಅರ್ಧ ನಾಣ್ಯದಲ್ಲಿ, ಉಳಿದದ್ದು ಕಾರ್ಡಿನಲ್ಲಿ ಕೊಡಬಹುದಾ ಅಂತ ಕೇಳಿ, ಕೆಲವು ಕಡೆ ಒಪ್ಪುತ್ತಾರೆ. ನರಿತಾದಲ್ಲಿ ಸಾಲು ಸಾಲು ಗಚಾಪೊನ್ ಮಷೀನುಗಳಿವೆ. ಉಳಿದ ನಾಣ್ಯಗಳಿಗೆ ಅಂತಲೇ ಇಟ್ಟದ್ದು. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಗುಂಡು ಬೀಳುತ್ತದೆ, ಒಳಗೆ ಬೆರಳುದ್ದದ ಸುಶಿಯೋ, ಟೋಪಿ ಹಾಕಿದ ಬೆಕ್ಕೋ ಏನಾದರೂ ಒಂದು. ಮಕ್ಕಳಿದ್ದರೆ ಹೇಳುವುದೇ ಬೇಡ, ನಾಣ್ಯ ಮುಗಿದು ನೋಟಿಗೆ ಕೈ ಹಾಕಬೇಕಾಗುತ್ತದೆ.

ಸಾಮಾನ್ಯ ಸುಯಿಕಾ ಕಾರ್ಡಿನ ದುಡ್ಡು ಜೆಆರ್ ಈಸ್ಟ್ ಕೌಂಟರ್‌ನಲ್ಲಿ ವಾಪಸ್ ಸಿಗುತ್ತದೆ. ಬಾಕಿಯಿಂದ 220 ಯೆನ್ ಶುಲ್ಕ ಕಳೆದು, 500 ಯೆನ್ ಡಿಪಾಸಿಟ್ ಸೇರಿಸಿ ಕೊಡುತ್ತಾರೆ. ಮತ್ತೆ ಹೋಗುವ ಆಸೆ ಇದ್ದರೆ ಇಟ್ಟುಕೊಳ್ಳಿ, ಕೊನೆಯ ಬಾರಿ ಬಳಸಿದ ಮೇಲೆ 10 ವರ್ಷ ನಡೆಯುತ್ತದೆ. ಪ್ರವಾಸಿಗಳ ವೆಲ್ಕಮ್ ಸುಯಿಕಾ ಆದರೆ 28 ದಿನ ಅಷ್ಟೇ, ದುಡ್ಡೂ ವಾಪಸ್ ಇಲ್ಲ. ಅದನ್ನು ಅಂಗಡಿಯಲ್ಲಿ ಖಾಲಿ ಮಾಡಿ.

ನಿಲ್ದಾಣಕ್ಕೆ ತುಂಬಾ ಬೇಗ ಬಂದುಬಿಟ್ಟೆವು. ಐದಾರು ಗಂಟೆ ಇದೆ.

ಬ್ಯಾಗ್ ಲಾಕರಿನಲ್ಲಿಟ್ಟು ನರಿತಾ ಊರಿಗೆ ಹೋಗಿ, ಟ್ರೇನಿನಲ್ಲಿ ಹತ್ತು ನಿಮಿಷ. ಅಲ್ಲಿ ನರಿತಾಸಾನ್ ಶಿನ್ಶೋಜಿ ದೇವಸ್ಥಾನ ಇದೆ, 940ರಲ್ಲಿ ಸ್ಥಾಪನೆಯಾದದ್ದು. ಸ್ಟೇಷನ್‌ನಿಂದ ದೇವಸ್ಥಾನದವರೆಗೆ ಇಳಿಜಾರಿನ ಹಳೆ ಬೀದಿ. ಅಲ್ಲಿ ಹಾವುಮೀನಿನ ಹೋಟೆಲುಗಳು ಪ್ರಸಿದ್ಧ. ಅಂಗಡಿ ಎದುರಿಗೇ ಕುಳಿತು ಸೀಳುತ್ತಾರೆ, ಆ ದೃಶ್ಯ ಆಗದವರು ಎದುರು ಬದಿಯಲ್ಲಿ ನಡೆಯಿರಿ.

ಹೋಗಲೇಬೇಕು ಅನ್ನುವುದಕ್ಕೆ ಬೇರೆ ಕಾರಣ ಇದೆ. ಅಲ್ಲಿ ದಿನವೂ ಗೋಮಾ ಅನ್ನುವ ಅಗ್ನಿಪೂಜೆ ನಡೆಯುತ್ತದೆ, ನಮ್ಮ ಹೋಮವೇ ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಅಲ್ಲಿಗೆ ತಲುಪಿದ್ದು. ಮುಖ್ಯ ದೇವರು ಫುದೋ ಮ್ಯೋಓ, ಮೂಲ ಹೆಸರು ಅಚಲನಾಥ. ದೊಡ್ಡ ನಗಾರಿ ಬಾರಿಸುತ್ತಾರೆ, ಅರ್ಚಕರು ಸಮಿತ್ತು ಹಾಕುತ್ತಾ ಹೋಗುತ್ತಾರೆ, ಬೆಂಕಿ ಎತ್ತರಕ್ಕೆ ಏಳುತ್ತದೆ, ಭಕ್ತರು ತಮ್ಮ ಕೈಚೀಲಗಳನ್ನು ಕೊಟ್ಟು ಅದನ್ನು ಬೆಂಕಿಯ ಶಾಖಕ್ಕೆ ಹಿಡಿಸಿ ವಾಪಸ್ ತೆಗೆದುಕೊಳ್ಳುತ್ತಾರೆ. ಮಂಗಳಾರತಿಗೆ ಕೈ ಒಡ್ಡುವುದು ಗೊತ್ತಿದ್ದವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಪೂಜೆಯ ಸಮಯಗಳನ್ನು ಬಾಗಿಲಲ್ಲಿ ಬರೆದಿರುತ್ತಾರೆ. ಒಳಗೆ ಫೋಟೋ ಬೇಡ.

ಹೋಗುವ ಮನಸ್ಸಿಲ್ಲ, ಸ್ನಾನ ಮಾಡಿ ಸ್ವಲ್ಪ ಮಲಗಿದರೆ ಸಾಕು ಅಂದರೆ ಟರ್ಮಿನಲ್ 2ರ ಪಕ್ಕ ನೈನ್ ಅವರ್ಸ್ ಅನ್ನುವ ಕ್ಯಾಪ್ಸೂಲ್ ಹೋಟೆಲಿದೆ.

ನೇರ ವಿಮಾನವಾ, ಒಂದು ಕಡೆ ಇಳಿದು ಹೋಗುವುದಾ?

ನರಿತಾ–ಬೆಂಗಳೂರು ನಡುವೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ದುಡ್ಡು ಸ್ವಲ್ಪ ಜಾಸ್ತಿಯಾದರೂ ವಾಪಸ್ ಬರುವಾಗ ನೇರವೇ ಒಳ್ಳೆಯದು ಅನ್ನುವುದು ನನ್ನ ವಾದ. ಹೋಗುವಾಗ ಉತ್ಸಾಹ ಇರುತ್ತದೆ, ಬ್ಯಾಂಕಾಕ್‌ನಲ್ಲಿ ನಾಲ್ಕು ಗಂಟೆ ಕುಳಿತರೂ ಮಜಾ ಅನ್ನಿಸುತ್ತದೆ. ಬರುವಾಗ ಹಾಗಲ್ಲ.

ಸಿಂಗಪುರ, ಬ್ಯಾಂಕಾಕ್, ಹಾಂಗ್‌ಕಾಂಗ್ ಮೂಲಕ ಬಂದರೆ ಒಂದೇ ಟಿಕೆಟಿನಲ್ಲಿ ಬ್ಯಾಗ್ ನೇರ ಬೆಂಗಳೂರಿಗೆ ಬರುತ್ತದೆ. ದೆಹಲಿ ಮೂಲಕ ಬಂದರೆ ಸಾಮಾನ್ಯವಾಗಿ ಇಮಿಗ್ರೇಷನ್, ಕಸ್ಟಮ್ಸ್ ಎಲ್ಲ ದೆಹಲಿಯಲ್ಲೇ. ಬ್ಯಾಗ್ ತೆಗೆದುಕೊಂಡು ಮತ್ತೆ ಕೊಡಬೇಕು. ನಡುವೆ ಮೂರು ಗಂಟೆಯಾದರೂ ಇರಲಿ.

ವಿಮಾನದಲ್ಲಿ ಎಷ್ಟು ಹೊತ್ತು? ನಿದ್ದೆ ಮಾಡಬೇಕಾ?

ದೂರ ಸುಮಾರು 6700 ಕಿ.ಮೀ. ಹೋಗುವಾಗ ಬೇಗ, ಬರುವಾಗ ನಿಧಾನ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ಹೋಗುವಾಗ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಚಳಿಗಾಲದಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಒಂಬತ್ತು ಹತ್ತು ಗಂಟೆ ಅಂತ ಲೆಕ್ಕ ಹಾಕಿಕೊಳ್ಳಿ.

ಗೇಟಿನಿಂದ ವಿಮಾನ ಹಿಂದೆ ಸರಿಯುವಾಗ ಕಿಟಕಿಯಲ್ಲಿ ನೋಡಿ. ಕೆಳಗೆ ನೆಲದ ಸಿಬ್ಬಂದಿ ಸಾಲಾಗಿ ನಿಂತು ಬಗ್ಗಿ ನಮಸ್ಕಾರ ಮಾಡಿ ಎರಡೂ ಕೈ ಬೀಸುತ್ತಾರೆ. ಮಳೆಯಿದ್ದರೂ.

ನಿದ್ದೆಯ ವಿಷಯ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ರಾತ್ರಿ ಎಂಟೂವರೆ ಆಗಿದೆ ಅಂತ ಬೆಂಗಳೂರಿನ ಗಡಿಯಾರ ಹೇಳುವಾಗ ನಿಮ್ಮ ಮೈಗೆ ಮಧ್ಯರಾತ್ರಿ. ಆದ್ದರಿಂದ ನಿದ್ದೆ ಬಂದರೆ ಮಲಗಿಬಿಡಿ, ಸಿನಿಮಾ ನೋಡುತ್ತಾ ತಡೆಹಿಡಿಯಬೇಡಿ. ಇಳಿದ ಮೇಲೆ ಇನ್ನೂ ಕೆಲಸ ಇದೆ.

ಅಪ್ಪ ಅಮ್ಮ ಜೊತೆಗಿದ್ದಾರೆ.

ವ್ಹೀಲ್‌ಚೇರ್ ಬೇಕಿದ್ದರೆ ಎರಡು ದಿನ ಮೊದಲೇ ಏರ್‌ಲೈನ್‌ಗೆ ಹೇಳಿ. "ನಡೆಯುತ್ತೇನೆ ಬಿಡೋ" ಅನ್ನುತ್ತಾರೆ, ಆದರೆ ಪ್ರವಾಸದ ಕೊನೆಯಲ್ಲಿ ಅವರ ಮಂಡಿ ಏನು ಹೇಳುತ್ತದೆ ಅನ್ನುವುದು ಮುಖ್ಯ. ಕುಳಿತಲ್ಲೇ ಪಾದ ಆಡಿಸಲಿ, ಎರಡು ಗಂಟೆಗೊಮ್ಮೆ ಎದ್ದು ಓಡಾಡಲಿ. ಶುಗರ್, ಬಿಪಿ ಮಾತ್ರೆಯ ಸಮಯ ಗಡಿಯಾರದ ಜೊತೆ ಹೇಗೆ ಬದಲಿಸಬೇಕು ಅಂತ ಹೋಗುವ ಮುಂಚೆಯೇ ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಬೆಂಗಳೂರಿನಲ್ಲಿ ಇಳಿದ ಮೇಲೆ?

ಅಂತರರಾಷ್ಟ್ರೀಯ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ. ಬಿದಿರಿನ ಛಾವಣಿ, ನೇತಾಡುವ ಗಿಡಗಳು, ಚೆನ್ನಾಗಿದೆ. ನಡೆಯುವುದೂ ಚೆನ್ನಾಗಿಯೇ ಇದೆ, ಅಂದರೆ ಉದ್ದ. ಭಾರತದ ಪಾಸ್‌ಪೋರ್ಟ್ ಇದ್ದವರು ಅರೈವಲ್ ಕಾರ್ಡ್ ತುಂಬುವ ಕೆಲಸ ಇಲ್ಲ. ಆಗಾಗ ವಿದೇಶಕ್ಕೆ ಹೋಗುವವರು ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆಗೆ ನೋಂದಾಯಿಸಿ. 2025ರ ಜನವರಿಯಿಂದ ಬೆಂಗಳೂರಿನಲ್ಲೂ ಇದೆ, ಭಾರತೀಯರಿಗೆ ಉಚಿತ. ನಡುರಾತ್ರಿ ಮೂರ್ನಾಲ್ಕು ವಿಮಾನ ಒಟ್ಟಿಗೆ ಇಳಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಕಸ್ಟಮ್ಸ್‌ನಲ್ಲಿ: ಮದ್ಯ ಒಬ್ಬರಿಗೆ 2 ಲೀಟರ್. 18 ತುಂಬಿದವರಿಗೆ ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ. ಉಳಿದ ಸಾಮಾನಿನ ಒಟ್ಟು ಬೆಲೆಗೂ ಮಿತಿ ಇದೆ. ಅದನ್ನು ಸರ್ಕಾರ ಆಗಾಗ ಬದಲಿಸುತ್ತದೆ, ಹೊರಡುವ ಮುನ್ನ ಕಸ್ಟಮ್ಸ್ ಜಾಲತಾಣ ನೋಡಿ. ದುಬಾರಿ ಕ್ಯಾಮೆರಾ ಲೆನ್ಸ್, ವಾಚ್ ಕೊಂಡಿದ್ದರೆ ಬಿಲ್ ಕೈಯಲ್ಲಿರಲಿ, ರೆಡ್ ಚಾನೆಲ್‌ಗೆ ಹೋಗಿ ಹೇಳಿ. ಹಸಿರಿನಲ್ಲಿ ನುಗ್ಗಿ ಸಿಕ್ಕಿಹಾಕಿಕೊಂಡರೆ ಸುಂಕದ ಜೊತೆ ದಂಡ, ಜೊತೆಗೆ ಒಂದು ಗಂಟೆ.

ಮಧ್ಯರಾತ್ರಿ ಇಳಿದರೆ ಊರಿಗೆ ಹೇಗೆ?

ಬೆಂಗಳೂರು ನಗರದವರಿಗೆ ವಾಯು ವಜ್ರ ಬಸ್ಸು ರಾತ್ರಿಯೂ ಇದೆ. ದೊಡ್ಡ ಸೂಟ್‌ಕೇಸಿಗೆ ಜಾಗವೂ ಇದೆ, ಮೆಜೆಸ್ಟಿಕ್ ಸುಮಾರು 35 ಕಿ.ಮೀ. ಮೈಸೂರಿಗೆ ಕೆಎಸ್ಆರ್‌ಟಿಸಿ ಫ್ಲೈಬಸ್ ನಿಲ್ದಾಣದಿಂದಲೇ ಹೊರಡುತ್ತದೆ. ವಿಮಾನ ತಡವಾದರೆ ಅಂತ ಒಂದು ಬಸ್ ಬಿಟ್ಟು ಅದರ ಮುಂದಿನದಕ್ಕೆ ಬುಕ್ ಮಾಡುವುದು ವಾಸಿ.

ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗದವರದು ನಿಜವಾದ ಕಷ್ಟ. ಪ್ರಪಂಚದ ಅರ್ಧ ದಾಟಿ ಬಂದು ದೇವನಹಳ್ಳಿಯಲ್ಲಿ ಬೆಳಗಿನ ವಿಮಾನಕ್ಕೆ ಕಾಯಬೇಕು. ದೇಶದೊಳಗಿನ ಕೆಲವು ವಿಮಾನ ಟರ್ಮಿನಲ್ 1ರಿಂದ ಹೊರಡುತ್ತವೆ, ನಡುವೆ ಶಟಲ್ ಬಸ್ ಇದೆ. ರಾತ್ರಿಯೇ ಬಾಡಿಗೆ ಕಾರು ಮಾಡಿಕೊಂಡು ಊರಿಗೆ ಹೊರಡುವವರು ಜಾಸ್ತಿ. ನೀವು ಹಿಂದೆ ಗೊರಕೆ ಹೊಡೆಯುತ್ತೀರಿ ಸರಿ, ಡ್ರೈವರ್ ಹಗಲೆಲ್ಲ ಓಡಿಸಿದ್ದಾನೋ ಏನೋ. ಕುಟುಂಬ ಜೊತೆಗಿದ್ದರೆ ದೇವನಹಳ್ಳಿ ಆಸುಪಾಸಿನಲ್ಲಿ ಒಂದು ರೂಮು ಹಿಡಿದು ಬೆಳಕು ಹರಿದ ಮೇಲೆ ಹೊರಡಿ.

ಮರುದಿನವೇ ಆಫೀಸಿಗೆ ಹೋಗಬಹುದಾ?

ಹೋಗಬಹುದು. ಜಪಾನಿನಿಂದ ಬಂದವರಿಗೆ ಅಮೆರಿಕದಿಂದ ಬಂದವರಷ್ಟು ತೊಂದರೆ ಆಗುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಕಣ್ಣು ಬಿಡುತ್ತದೆ, ಸಂಜೆ ಏಳಕ್ಕೆ ತೂಕಡಿಕೆ, ಮೂರ್ನಾಲ್ಕು ದಿನ ಹಾಗೇ. ಮೀಟಿಂಗ್‌ಗಳನ್ನು ಬೆಳಿಗ್ಗೆಗೆ ಹಾಕಿಸಿಕೊಳ್ಳಿ. ಶುಕ್ರವಾರ ರಾತ್ರಿ ಇಳಿಯುವ ಟಿಕೆಟ್ ಸಿಕ್ಕಿದರೆ ಭಾನುವಾರ ರಾತ್ರಿಯ ಟಿಕೆಟಿಗಿಂತ ಎರಡು ಸಾವಿರ ಜಾಸ್ತಿಯಾದರೂ ಅದನ್ನೇ ತೆಗೆದುಕೊಳ್ಳಿ. ಬಟ್ಟೆ ಒಗೆಯಬೇಕು, ನಲ್ಲಿ ನೀರು ಬರುತ್ತಿದೆಯೋ ನೋಡಬೇಕು, ಫ್ರಿಡ್ಜಿನಲ್ಲಿ ಬಿಟ್ಟುಹೋದ ಮೊಸರಿನ ಗತಿ ಏನಾಗಿದೆ ಅಂತ ಧೈರ್ಯ ಮಾಡಿ ತೆರೆಯಬೇಕು.

ಉಳಿದ ಯೆನ್ ನೋಟು ಮನೆಯಲ್ಲಿಟ್ಟುಕೊಳ್ಳಬಹುದಾ?

2000 ಡಾಲರ್ ಬೆಲೆಯವರೆಗಿನ ವಿದೇಶಿ ನೋಟನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ವಾಪಸ್ ಬಂದ 180 ದಿನದೊಳಗೆ ಬ್ಯಾಂಕಿಗೋ ಅಧಿಕೃತ ಡೀಲರ್‌ಗೋ ಕೊಡಬೇಕು. ಫೊರೆಕ್ಸ್ ಕಾರ್ಡಿನಲ್ಲಿ ಉಳಿದದ್ದಕ್ಕೂ ಇದೇ. 2024ರ ಜುಲೈನಲ್ಲಿ ಹೊಸ ವಿನ್ಯಾಸದ ಯೆನ್ ನೋಟು ಬಂದವು, ಹಳೆಯವೂ ನಡೆಯುತ್ತವೆ. ಆದರೆ ಹೊಸ ಹಳೆ ಯಾವುದೇ ಇರಲಿ, ಬಸ್ ನಿಲ್ದಾಣದ ಪಕ್ಕದ ಮನಿ ಚೇಂಜರ್ ಹೇಳುವ ದರವನ್ನು ಮೊದಲ ಬಾರಿಗೇ ಒಪ್ಪಬೇಡಿ, ಇನ್ನೆರಡು ಕಡೆ ಕೇಳಿ ಕೊಡಿ.